ಜೀರಿಗೆ ನೀರು

ಸಂಪ್ರೀತಾ ಟ್ರಾಮಿನ ಕಿಟಕಿಯ ಬದಿ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದಳು. ಪಕ್ಕದಲ್ಲಿದ್ದ ತಾಯಿ ರಾಜೀವಿಗೆ ನಂಬಲಾಗಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಮಗಳು ತಣ್ಣಗಿನದೇನನ್ನೂ ಮುಟ್ಟಿದವಳಲ್ಲ. ಉಡುಪಿಯಿಂದ ಹೇಗ್‌ನ ಸಂಗೀತ ಶಾಲೆಗೆ, ಅಲ್ಲಿಂದ ವಿಯೆನ್ನಾ, ಮಿಲಾನ್, ನ್ಯೂಯಾರ್ಕ್‌ಗಳ ರಂಗಮಂದಿರಗಳಿಗೆ ಅವಳು ಹೋದಲ್ಲೆಲ್ಲ ಫ್ಲಾಸ್ಕಿನ ಜೀರಿಗೆ ನೀರೂ ಹೋಗಿತ್ತು. ಮಗಳು ಹಾಡುವ ಒಪೆರಾ ಎಂಬ ಸಂಗೀತ ನಾಟಕದ ಭಾಷೆ ರಾಜೀವಿಗೆ ಇಂದಿಗೂ ತಿಳಿಯದು. ಕೊನೆಯಲ್ಲಿ ರಂಗದ ಮೇಲೆ ಮಗಳು ಸಾಯುತ್ತಾಳೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಇಷ್ಟು ಗೊತ್ತು.

ಇವತ್ತು ಆಮ್ಸ್ಟೆಲ್‌ವೀನ್ ಪಟ್ಟಣದ ಸಭಾಂಗಣದಲ್ಲಿ ಮೇಯರ್ ಅವಳಿಗೆ ಈ ದೇಶದ ರಾಜರು ಕೊಡುವ ಪದಕ ತೊಡಿಸಲಿದ್ದರು. ಪಡೆಯುವವರಿಗೆ ಆ ಗಳಿಗೆಯವರೆಗೂ ತಿಳಿಯಬಾರದು, ಮನೆಯವರೇ ಏನಾದರೊಂದು ಸುಳ್ಳು ಹೇಳಿ ಕರೆತರಬೇಕು. ಅದು ಇಲ್ಲಿನ ರೂಢಿ. ಅಳಿಯ ಮನೀಶ್ ಆ ಕೆಲಸವನ್ನು ಅತ್ತೆಗೇ ಒಪ್ಪಿಸಿದ್ದ. ಸುಳ್ಳು ಹೇಳಲು ಬಾರದವರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ನಕ್ಕಿದ್ದ. ತನ್ನ ವೀಸಾದ ಕಾಗದಕ್ಕೆ ಅಲ್ಲಿ ಮಗಳ ಸಹಿ ಬೇಕು ಎಂದು ಹೇಳಿ ರಾಜೀವಿ ಅವಳನ್ನು ಹೊರಡಿಸಿದ್ದಳು.

"ಬಿಸಿನೀರು ಕುಡಿ. ಗಂಟಲು ಹಾಳಾಗ್ತದೆ."

"ಆಗ್ಲಿ ಅಮ್ಮ. ನಾನು ಹಾಡುದು ಬಿಟ್ಟೆ." ಸಂಪ್ರೀತಾ ಚಮಚ ನೆಕ್ಕಿದಳು. "ಮನೀಶನಿಗೂ ಹೇಳ್ಲಿಲ್ಲ. ನಿನಗೇ ಮೊದಲು."

"ಎಂತ ಆಯ್ತು ಮಗಾ?"

"ಎಂತದೂ ಆಗ್ಲಿಲ್ಲ. ಬೆಳಿಗ್ಗೆ ಎದ್ದ ಕೂಡ್ಲೇ ಸ್ವರ ಉಂಟಾ ಇಲ್ವಾ ನೋಡ್ಬೇಕು, ಆಮೇಲೆಯೇ ಉಸಿರು. ಸಾಕಾಯ್ತು. ಇನ್ನು ಜನರ ಎದುರು ನಿಲ್ಲುದೇ ಇಲ್ಲ. ನೀನೊಬ್ಬಳು ಬೈಬೇಡ."

ಅವಳ ಮುಖ ಎಷ್ಟೋ ವರ್ಷಗಳ ಮೇಲೆ ಹಗುರವಾಗಿತ್ತು. ಈಗಲೇ ಹೇಳಿಬಿಡಲೇ? ಹೇಳಿದರೆ ಅವಳು ವಾಪಸು ಹೋಗುವ ಟ್ರಾಮ್ ಹತ್ತುತ್ತಾಳೆ. ಅಲ್ಲಿ ಕಾದು ಕೂತವರಿಗೆ ಏನು ಉತ್ತರ? ಹೇಳದಿದ್ದರೆ? ತನಗೆ ಬೇಕಾಗಿದ್ದು ಈ ಮುಖವೋ ಆ ಪದಕವೋ ಎಂಬುದೇ ರಾಜೀವಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಸ್ಟಾಪ್ ಬಂತು. ಇಬ್ಬರೂ ಇಳಿದರು.

ಸಭಾಂಗಣದ ಬಾಗಿಲು ತೆರೆದೊಡನೆ ಚಪ್ಪಾಳೆ. ಸಂಪ್ರೀತಾ ಒಮ್ಮೆ ತಾಯಿಯ ಕಡೆ ನೋಡಿದಳು. ಆಮೇಲೆ ಬೆನ್ನು ನೆಟ್ಟಗಾಯಿತು, ತೆರೆ ಏಳುವಾಗಿನ ನಗು ಬಂತು. ಮೇಯರ್ ಪದಕ ತೊಡಿಸಿ, ಎರಡು ಸಾಲು ಹಾಡಬೇಕೆಂದು ಕೇಳಿಕೊಂಡರು. ಅವಳು ಹಾಡಿದಳು. ಮನೀಶ್ ಕಣ್ಣೊರೆಸಿಕೊಂಡ.

ಜನ ಫೋಟೊಗೆಂದು ಸಾಲು ಕಟ್ಟುವಾಗ ಅವಳು ತಾಯಿಯ ಹತ್ತಿರ ಬಂದಳು. ನಗು ಹಾಗೇ ಇತ್ತು.

"ಎಲ್ಲಿ ಸಹಿ ಹಾಕ್ಬೇಕು ಅಮ್ಮ?"

ರಾಜೀವಿ ಬ್ಯಾಗಿಗೆ ಕೈಹಾಕಿ ಏನನ್ನೋ ಹುಡುಕಿದಳು. ಫ್ಲಾಸ್ಕ್ ಸಿಕ್ಕಿತು. ಮುಚ್ಚಳಕ್ಕೆ ನೀರು ಬಗ್ಗಿಸುವಷ್ಟರಲ್ಲಿ ಯಾರೋ ಮಗಳನ್ನು ಕರೆದರು. ಹಬೆಯಾಡುತ್ತಿದ್ದ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ರಾಜೀವಿ ಅಲ್ಲೇ ನಿಂತಳು.