ಕೊಯ್ಯದ ಗಿಡ

ಬುಟ್ಟಿಯ ತಳದವರೆಗೆ ಕೈಯಾಡಿಸಿದ ದುರ್ಗಿಗೆ ಸಿಕ್ಕಿದ್ದು ಒದ್ದೆ ಬಾಳೆಯೆಲೆ, ಒಂದು ಹಿಡಿ ನಾರು. ಎಲೆಯನ್ನು ಮಗುಚಿ ನೋಡಿದಳು. ಅಂಟಿಕೊಂಡು ಉಳಿದ ಮೊಗ್ಗು ಒಂದೂ ಇರಲಿಲ್ಲ.

"ಲಕ್ಕಿ, ಅಕ್ಕನ ತಲೆಗೆ ಅಂತ ಯಾರೂ ಒಂದು ಮೊಳ ತೆಗ್ದಿಡ್ಲಿಲ್ವನೇ?"

ಬಾಗಿಲ ಬಳಿ ಅರಿಶಿನ ತೇಯುತ್ತಿದ್ದ ಪಕ್ಕದ ಮನೆಯ ಲಕ್ಕಿ ಕೈ ನಿಲ್ಲಿಸಿದಳು. "ನೀ ಇಟ್ಟಿದ್ದೆ ಅಂತ ನಾ ಮಾಡ್ಕಂಡಿದ್ದೆ."

"ನಾ ನೀ ಇಟ್ಟಿದ್ದೆ ಅಂತ."

ಇಬ್ಬರೂ ಜಗಲಿಯ ಕಡೆ ತಿರುಗಿದರು. ಗಂಗಿ ಅಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಬೆಳಗಿನ ಜಾವ ಹೂ ಕೊಯ್ಯಲೆಂದು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಹೊರಟವಳು, ಎದೆ ಹಿಡಿದ ಹಾಗಾಯ್ತು ಎಂದು ಮೆಟ್ಟಿಲ ಮೇಲೆ ಕೂತಿದ್ದಳು. ಮತ್ತೆ ಏಳಲಿಲ್ಲ. ಅರವತ್ತನಾಲ್ಕು ತುಂಬಿತ್ತು. ದುರ್ಗಿಗೆ ಅವಳು ಓರಗಿತ್ತಿ; ಅಣ್ಣ ತಮ್ಮಂದಿರನ್ನು ಮದುವೆಯಾಗಿ ಬಂದು ಒಂದೇ ಬಾವಿಯ ನೀರು ಸೇದಿ ನಲವತ್ತು ವರ್ಷ ಕಳೆದವರು. ಗಂಗಿಯ ಗಂಡ ಲಿಂಗಪ್ಪ ಗಟ್ಟಿಯಾಗಿದ್ದ. ಮುತ್ತೈದೆ ಸಾವು. ಮುತ್ತೈದೆಯನ್ನು ಹೂವಿಲ್ಲದ ತಲೆಯಲ್ಲಿ ಮನೆಯಿಂದ ಕಳಿಸಿದ್ದನ್ನು ಮುಟ್ಟಳ್ಳಿಯಲ್ಲಿ ಯಾರೂ ಕಂಡಿರಲಿಲ್ಲ.

ಹೂವಿಗೇನು ಬರ ಇರಲಿಲ್ಲ. ಏಪ್ರಿಲ್ ತಿಂಗಳು, ಗಿಡಗಳು ಎಲೆ ಕಾಣದ ಹಾಗೆ ಬಿಟ್ಟಿದ್ದವು. ಆದರೆ ಊರಿನ ರೂಢಿ ಹಾಗೆ: ಸಾವಾದ ಮನೆಯ ಮಲ್ಲಿಗೆಯನ್ನು ನೆರೆಯವರು ಕೊಯ್ದು, ಕಟ್ಟಿ, ಭಟ್ಕಳ ಪೇಟೆಗೆ ಮುಟ್ಟಿಸಬೇಕು. ಹೆಣ ಮಧ್ಯಾಹ್ನದವರೆಗೆ ಕಾಯುತ್ತದೆ, ಮೊಗ್ಗು ಕಾಯುವುದಿಲ್ಲ. ಗಿಡದಲ್ಲೇ ಅರಳಿ ಕಂದಿದ ಹೂವೆಂದರೆ ಆ ಮನೆಯಲ್ಲಿ ಎದ್ದು ಓಡಾಡುವವರೇ ಇಲ್ಲ ಎಂದು ಲೆಕ್ಕ; ಅದು ಕೇರಿಗೆಲ್ಲ ನಾಚಿಕೆ. ಹಾಗಾಗಿ ಅಳು ಕೇಳಿ ಓಡಿಬಂದ ಹೆಂಗಸರು ಸ್ವಲ್ಪ ಹೊತ್ತು ಅತ್ತು, ಮೂಗೊರೆಸಿಕೊಂಡು, ಗಂಗಿಯ ಅರವತ್ತು ಗಿಡಕ್ಕೂ ಕೈಹಚ್ಚಿದ್ದರು. ಕಟ್ಟುತ್ತ ಅತ್ತವರೂ ಇದ್ದರು, ಅಳುತ್ತ ಕಟ್ಟಿದವರೂ ಇದ್ದರು. ಎಂಟೂವರೆಯ ಬಸ್ಸಿಗೆ ಅಷ್ಟೂ ಹೂವು ಹೋಯಿತು. ಅವರವರ ತೋಟದ್ದೂ ಅದರ ಸಂಗಡವೇ ಹೋಯಿತು.

"ಮಲ್ಲಿಗೆ ಗಂಗಿಗೆ ಮಲ್ಲಿಗೆ ಇಲ್ಲ!" ಲಕ್ಕಿ ಹಣೆ ಬಡಿದುಕೊಂಡಳು. "ಪಕ್ಕದೂರು ಶಿರಾಲಿಯವ್ರ ಕಿವಿಗೆ ಬಿದ್ರೆ ಹೊಟ್ಟೆ ಹಿಡ್ಕಂಡು ನಗ್ತ್ರು."

ಅಷ್ಟರಲ್ಲಿ ಗಂಗಿಯ ಮಗ ಶಾಂತಾರಾಮನ ಬೈಕು ಅಂಗಳಕ್ಕೆ ಬಂತು. ಪೇಟೆಗೆ ಹೋದವನ ಕೈ ಖಾಲಿಯಿತ್ತು.

"ಎರಡು ದೊಡ್ಡ ಮದುವೆ ಇವತ್ತು, ಚಿಕ್ಕಮ್ಮ. ನಮ್ಮನೆ ಹೂವು ಆಗ್ಲೇ ಮದುಮಗಳ ತಲೆ ಮೇಲಿದೆ. ಅಬ್ಬಲಿಗೆ ಸೈತ ಇಲ್ಲ." ಅವನು ಬೇಲಿಯ ಕಡೆ ನೋಡಿದ. "ದಾಸಾಳ ಆಗೂದಿಲ್ವಾ?"

"ನಿನ್ನ ಅಬ್ಬೆ ದಾಸಾಳ ಮುಡ್ಕಂಡು ಹೋಗೂದಾ?" ಎಂದಳು ಲಕ್ಕಿ. "ಅರ್ಧ ದಾರಿಯಿಂದ ವಾಪಸ್ ಬತ್ತದೆ ಅದು, ಬೈಯೂಕೆ."

ಅತ್ತು ಕೆಂಪಾದ ಮುಖದಲ್ಲೇ ಶಾಂತಾರಾಮ ನಕ್ಕುಬಿಟ್ಟ. ಆಮೇಲೆ ಒಬ್ಬೊಬ್ಬರ ಕಣ್ಣೂ ಬಚ್ಚಲಮನೆಯ ಕಡೆ ಹೋಯಿತು.

ಅಲ್ಲಿತ್ತು ಆ ಮಲ್ಲಿಗೆ ಗಿಡ. ಎಂಟು ವರ್ಷದಿಂದ ಕತ್ತರಿ ಕಾಣದೆ, ಕೈ ಕಾಣದೆ, ಬಳ್ಳಿಯಂತೆ ಹಬ್ಬಿ, ಹೆಂಚಿನ ಮಾಡು ಏರಿ, ಮುಂದಿನ ಸ್ನಾನದ ಕಲ್ಲಿನ ಮೇಲೆ ಚಪ್ಪರದಂತೆ ಇಳಿದಿತ್ತು. ಮೊಗ್ಗು, ಬಿರಿದದ್ದು, ನಿನ್ನೆಯದು, ಕಂದಿದ್ದು ಎಲ್ಲವೂ ಒಟ್ಟಿಗೆ. ಊರವರು ಅದನ್ನು ಮುಂಬೈ ಹುಚ್ಚಿನ ಗಿಡ ಎನ್ನುತ್ತಿದ್ದರು. ಆ ಹೆಸರಿಟ್ಟವಳೇ ದುರ್ಗಿ.

"ಇದಕ್ಕೆ ಯಾರೂ ಕೈ ಹಾಕೂಕಿಲ್ಲ" ಎಂದಿದ್ದಳು ಗಂಗಿ. ಶಾಂತಾರಾಮನ ಮದುವೆಗೂ ಅದರಿಂದ ಒಂದು ಮೊಗ್ಗು ಕೊಯ್ದಿರಲಿಲ್ಲ.

"ಹೋಗು ದುರ್ಗಿ, ಒಂದು ಮೊಳಕ್ಕಾಗುವಷ್ಟು ತಾ. ಯಾರಿಗೂ ಅಲ್ಲ, ಗಂಗಿ ತಲೆಗೇ ಅಲ್ದಾ?" ಎಂದಳು ಲಕ್ಕಿ. "ಹೊತ್ತಾತು. ಗಂಡಸ್ರು ಗದ್ದೆಯಂಚಲ್ಲಿ ಕಟ್ಟಿಗೆ ಒಟ್ಟಿ ಆತು."

ದುರ್ಗಿ ಬುಟ್ಟಿ ಹಿಡಿದು ಬಚ್ಚಲ ಬಳಿ ಹೋದಳು. ಕೈಯೆತ್ತಿದಳು. ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಒಂದು ಮೊಗ್ಗಿನ ಕುತ್ತಿಗೆ ಹುಡುಕಿಕೊಂಡವು. ಕೈ ಅಲ್ಲೇ ನಿಂತಿತು.

* * *

ಎಂಟು ವರ್ಷದ ಹಿಂದಿನ ಮಾತು. ಕೊಂಕಣದ ರೈಲು ಶುರುವಾಗಿ ಒಂದು ವರ್ಷವಾಗಿತ್ತು. ಗಂಗಿಯ ತಮ್ಮ ಕುಪ್ಪ ಮುಂಬೈಯಲ್ಲಿ ಒಂದು ಖಾನಾವಳಿಯ ಅಡುಗೆಯವ. "ಬನ್ನಿ ಅಕ್ಕಂದಿರೇ, ಒಮ್ಮೆ ಊರು ಕಾಣಿ" ಎಂದು ಟಿಕೇಟು ಕಳಿಸಿದ್ದ. ಇಬ್ಬರೂ ಚಕ್ಕುಲಿ ಡಬ್ಬಿ, ಒಣಮೀನು, ಎರಡು ಸೀರೆ ಕಟ್ಟಿಕೊಂಡು ಹೋದರು.

ತನ್ನ ರಜೆಯ ದಿನ ಏನು ನೋಡುತ್ತೀರಿ ಎಂದು ಕೇಳಿದ. ದುರ್ಗಿ ಸಿನಿಮಾದವರ ಮನೆ ಎಂದಳು. ಗಂಗಿ, "ಹೂವಿನ ತೋಟ ಇದ್ರೆ ತೋರ್ಸು. ಇಲ್ಲಿಯವ್ರು ಹೆಂಗೆ ಬೆಳಿತ್ರು ಕಾಂಬ" ಎಂದಳು. ಹಾಗೆ ಬೆಳಿಗ್ಗೆ ರಾಣಿಬಾಗು ಎಂಬ ಹಳೆಯ ತೋಟ ಆಯಿತು. ಹೆಸರಿನ ಹಲಗೆ ಹೊತ್ತ ಅಜ್ಜನ ಕಾಲದ ಮರಗಳು, ನಾಲ್ಕಾಳು ತಬ್ಬಿದರೂ ಸಾಲದ ಬೊಡ್ಡೆಗಳು. ಗಂಗಿ ಒಂದೊಂದು ಮರಕ್ಕೂ ಅಂಗೈ ಇಟ್ಟು, ದೇವರ ಎದುರು ನಿಂತ ಹಾಗೆ ನಿಂತು ಮುಂದೆ ಹೋದಳು. ಮಧ್ಯಾಹ್ನ ಗುಡ್ಡದ ಮೇಲಿನ ತೂಗುತೋಟ. ಅಲ್ಲಿ ಗಿಡಗಳನ್ನು ಆನೆ, ಒಂಟೆಯ ಆಕಾರಕ್ಕೆ ಕತ್ತರಿಸಿದ್ದರು. "ಪಾಪ, ಗಿಡವಾಗಿ ಇರೂಕೂ ಬಿಡೂದಿಲ್ಲ ಇವ್ರು" ಎಂದು ಗಂಗಿ ಹೇಳಿದ್ದಕ್ಕೆ ದುರ್ಗಿಗೆ ನಗು ತಡೆಯಲಿಲ್ಲ.

ಸಂಜೆ ಮೂರನೆಯ ತೋಟ. ಅದರ ಹೆಸರು ದುರ್ಗಿಗೆ ಈಗ ನೆನಪಿಲ್ಲ. ಬ್ರಿಟಿಷರ ಕಾಲದ ಕಬ್ಬಿಣದ ಗೇಟು, ನಡುವೆ ನೀರಿಲ್ಲದ ಕಾರಂಜಿ, ಸುತ್ತ ಕಲ್ಲುಬೆಂಚು. ಕುಪ್ಪ ಚಹಾ ಕುಡಿಯಲು ಹೊರಗೆ ಉಳಿದ. ಗೋಡೆಯ ಪಕ್ಕ ಸಾಲಾಗಿ ಮಲ್ಲಿಗೆ ಗಿಡಗಳಿದ್ದವು. ಗಂಗಿ ಗಕ್ಕನೆ ನಿಂತಳು.

"ದುರ್ಗೀ, ನಿನ್ನೆಯದೂ ಕೊಯ್ಯಲಿಲ್ಲ, ಮೊನ್ನೆಯದೂ ಕೊಯ್ಯಲಿಲ್ಲ. ಕಾಣು, ಕಂದಿ ಹೋಗಿದೆ." ಅವಳ ದನಿ ಇಳಿಯಿತು. "ಮಾಲಿ ಮನೇಲಿ ಯಾರೋ ತೀರ್ಕಂಡ್ರು ಕಾಣ್ತದೆ."

ದುರ್ಗಿಗೂ ಹಾಗೆಯೇ ಅನ್ನಿಸಿತ್ತು. ಮುಟ್ಟಳ್ಳಿಯ ಯಾರಿಗಾದರೂ ಹಾಗೆಯೇ ಅನ್ನಿಸುತ್ತಿತ್ತು. ಗಂಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಯ್ಯತೊಡಗಿದಳು. ಎರಡೂ ಕೈ ಓಡುತ್ತಿದ್ದವು. ಒಂದು ಗಿಡ ಮುಗಿದು ಎರಡನೆಯದಕ್ಕೆ ಹೋಗುವಾಗ ಸೀಟಿ ಕೇಳಿತು.

ಖಾಕಿ ಅಂಗಿಯ ಕಾವಲುಗಾರ ಓಡಿಬಂದ. ಹಿಂದಿಯಲ್ಲಿ ಏನೇನೋ ಕೂಗಿದ. ಜನ ಸೇರಿದರು. ಮಡಿಲ ತುಂಬ ಮೊಗ್ಗು ಹಿಡಿದ ಗಂಗಿ, "ಅಲ್ಲವೋ ತಮ್ಮ, ಉಪಕಾರಕ್ಕೆ ಮಾಡ್ದದ್ದು" ಎಂದು ಕನ್ನಡದಲ್ಲೇ ಹೇಳುತ್ತಿದ್ದಳು. ಅವನು ಹತ್ತು ಹೆಜ್ಜೆ ಆಚೆ ನಿಂತ ದುರ್ಗಿಯ ಕಡೆ ತಿರುಗಿ, ಇವಳು ನಿನ್ನ ಜೊತೆಯವಳಾ ಎಂದು ಬೆರಳು ತೋರಿಸಿ ಕೇಳಿದ. ಭಾಷೆ ಬಾರದಿದ್ದರೂ ಅಷ್ಟು ಅರ್ಥವಾಯಿತು. ಪರವೂರು, ಖಾಕಿ ಬಟ್ಟೆ, ಅಷ್ಟು ಜನ. ದುರ್ಗಿ ಅಲ್ಲ ಎಂದು ತಲೆ ಆಡಿಸಿದಳು. ಆಡಿಸಿ, ಒಂದು ಮರದ ಹಿಂದೆ ಹೋಗಿ ನಿಂತಳು.

ಅಲ್ಲಿಂದಲೇ ನೋಡಿದಳು. ಗಂಗಿಯನ್ನು ಗೇಟಿನ ಬಳಿಯ ಬೆಂಚಿನ ಮೇಲೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಒಬ್ಬ ಮುದಿ ಮಾಲಿ ಬಂದು ಕಾವಲುಗಾರನಿಗೆ ಏನೋ ಹೇಳಿ ಅವನನ್ನು ಕಳಿಸಿದ. ಕೊಂಕಣಿ ಬೆರೆತ ಮರಾಠಿ ಆ ಮಾಲಿಯದು. ಭಟ್ಕಳ ಪೇಟೆಯಲ್ಲಿ ಹೂ ಮಾರಿದ ಗಂಗಿಗೆ ತಿಳಿಯಿತು.

"ಯಾರೂ ಸತ್ತಿಲ್ಲ ತಾಯಿ" ಎಂದು ಅವನು ನಕ್ಕದ್ದು ಮರದವರೆಗೂ ಕೇಳಿಸಿತು.

"ಮತ್ತೆ ಯಾರಿಗೆ ಅಂತ ಬಿಟ್ಟದ್ದು?"

"ಯಾರಿಗೂ ಅಲ್ಲ. ಸುಮ್ಮನೆ ಅರಳಲಿ ಅಂತ."

ಗಂಗಿ ಅವನನ್ನೂ ಗಿಡವನ್ನೂ ನೋಡಿದಳು. ಹುಟ್ಟಿದಂದಿನಿಂದ ಮೊಗ್ಗು ಮುಟ್ಟಿದವಳು. ಅವಳ ಹೂವೆಲ್ಲ ಅರಳಿದ್ದು ಎಲ್ಲೋ ಯಾರದೋ ತಲೆಯಲ್ಲಿ. ಅವಳು ಬೆಂಚಿನಿಂದ ಏಳಲಿಲ್ಲ. ಬಿಸಿಲು ಇಳಿಯುವವರೆಗೆ ಕೂತು ಗಿಡವನ್ನೇ ನೋಡಿದಳು. ಒಂದು ಹೂವು ತಾನಾಗಿ ಕಳಚಿ ಬಿದ್ದರೆ ಅವಳ ತಲೆಯೂ ಅದರ ಸಂಗಡ ಕೆಳಗೆ ಬಾಗುತ್ತಿತ್ತು. ಹೊರಡುವಾಗ ಮಾಲಿ ಬಿದ್ದ ಹೂವಿನಲ್ಲಿ ಚೆನ್ನಾದ ಒಂದನ್ನು ಹೆಕ್ಕಿ ಕೊಟ್ಟ. "ಕೊಯ್ದದ್ದು ತಪ್ಪು. ಬಿದ್ದದ್ದು ನಿನ್ನದೇ."

ನಮ್ಮ ಕಡೆ ಪಾರಿಜಾತ ಬಿಟ್ಟರೆ ನೆಲಕ್ಕೆ ಬಿದ್ದ ಹೂವನ್ನು ದೇವರಿಗೂ ಇಡುವುದಿಲ್ಲ, ತಲೆಗೂ ಇಡುವುದಿಲ್ಲ. ಗಂಗಿ ಅದನ್ನು ಮುಡಿದುಕೊಂಡಳು. ಮರದ ಹತ್ತಿರ ಬಂದು, "ಬಾ ದುರ್ಗಿ, ಕುಪ್ಪ ಕಾಯ್ತಾ ಇದ್ದ" ಎಂದಳು. ಅಷ್ಟೇ.

ಊರಿಗೆ ಬಂದ ಮೇಲೆ ಗಂಗಿ ಬಚ್ಚಲ ಬಳಿಯ ಒಂದು ಗಿಡವನ್ನು ಕೊಯ್ಯದೆ ಬಿಟ್ಟಳು. ಹೂ ಕಟ್ಟುವಾಗಲೆಲ್ಲ ಈ ಕತೆ ಹೇಳುತ್ತಿದ್ದಳು. ಅವಳು ಹೇಳುವಾಗ ಮಾತ್ರ ಅದರಲ್ಲಿ ದುರ್ಗಿ ಬೇರೆಯೇ ಆಗಿರುತ್ತಿದ್ದಳು. "ನಮ್ಮ ದುರ್ಗಿ ಸೊಂಟಕ್ಕೆ ಕೈ ಕೊಟ್ಟು ನಿಂತ್ಕಂಡು ಆ ಪೊಲೀಸನ ಬೆವರಿಳಿಸ್ತು!" ಹೆಂಗಸರು ನಕ್ಕು ಉರುಳುತ್ತಿದ್ದರು. ದುರ್ಗಿ ನಾರು ನೆನೆಸುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು.

* * *

"ಎಂತ ಮಾಡ್ತಿದ್ದೆ ಅಲ್ಲಿ? ಕಾಯ್ತಾ ಇದ್ರು!" ಲಕ್ಕಿ ಹುಡುಕಿಕೊಂಡು ಬಂದಳು.

ದುರ್ಗಿ ಕೈ ಕೆಳಗಿಳಿಸಿದಳು. "ಇದನ್ನ ಕೊಯ್ಯೂದಿಲ್ಲ."

"ಮತ್ತೆ ಬರೀ ತಲೆಯಲ್ಲಿ ಕಳ್ಸೂದಾ? ಸತ್ತವ್ರ ಮಾತು ಹಿಡ್ಕಂಡು ಕೂತ್ರೆ ಆತಾ? ಅಯ್ಯೋ, ಮುಂಬೈ ಪೊಲೀಸಂಗೇ ಬೈದವ್ಳು ನೀನು, ಒಂದು ಗಿಡಕ್ಕೆ ಹೆದ್ರೂದಾ?"

"ನಾ ಬೈಲಿಲ್ಲ ಲಕ್ಕಿ."

"ಹಾಂ?"

"ಅವ ನನ್ನ ಕೇಳ್ದ, ಇದು ನಿನ್ನ ಜೊತೆದಾ ಅಂತ. ನಾ ಅಲ್ಲ ಅಂದೆ. ಮರದ ಹಿಂದೆ ಅಡಗಿ ನಿಂತ್ಕಂಡೆ." ದುರ್ಗಿಯ ದನಿ ಅಂಗಳದವರೆಗೂ ಹೋಯಿತು, ತಡೆಯಲಿಲ್ಲ ಅವಳು. "ಆಗ ನಿಲ್ಲಲಿಲ್ಲ. ಈಗ ನಿಲ್ತೆ. ಇದಕ್ಕೆ ಯಾರೂ ಕೈ ಹಾಕೂಕಿಲ್ಲ."

 ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದ ಗಂಡಸರು ಇತ್ತ ತಿರುಗಿದರು. ಜಗಲಿಯ ಕಂಬಕ್ಕೊರಗಿ ಕೂತಿದ್ದ ಲಿಂಗಪ್ಪ ಈಗ ಎದ್ದು ಬಂದ.

"ನಂಗೆ ಹೇಳಿತ್ತು ಅದು" ಎಂದ. "ಬಂದ ದಿನವೇ."

ದುರ್ಗಿ ಭಾವನ ಮುಖ ನೋಡಲಾರದೆ ನೆಲ ನೋಡಿದಳು. "ಎಂತ ಹೇಳಿತ್ತು?"

"ದುರ್ಗಿ ಹೆದ್ರಿತ್ತು ಅಂತ. ಪರವೂರಲ್ಲಿ ನಾನೂ ಹಂಗೇ ಮಾಡ್ತಿದ್ದೆ, ಊರವ್ರ ಹತ್ರ ಎಂತಕ್ಕೆ ಹೇಳೂದು ಅಂತ." ಅವನು ಗಿಡದ ಕಡೆ ಕತ್ತೆತ್ತಿದ. "ದುರ್ಗಿ ಹೇಳ್ದಂಗೆ ಆಗ್ಲಿ."

ದುರ್ಗಿ ಕಣ್ಣೊರೆಸಿಕೊಳ್ಳಲಿಲ್ಲ. ಬುಟ್ಟಿಯನ್ನು ಕವುಚಿ ಇಟ್ಟಳು.

"ಮೀಯಿಸೂಕೆ ಅಂಗಳದಲ್ಲಿ ಬೇಡ. ಅಕ್ಕನ್ನ ಇಲ್ಲಿ ತನ್ನಿ, ಈ ಕಲ್ಲಿನ ಮೇಲೆ."

ಗಂಡಸರು ತಂದು ಮಲಗಿಸಿ, ಅಡ್ಡ ಸೀರೆ ಕಟ್ಟಿ, ಆಚೆ ಹೋದರು. ಹೆಂಗಸರು ಬಿಸಿನೀರು ಹೊಯ್ದರು, ಅರಿಶಿನ ಹಚ್ಚಿದರು, ಮದುವೆಯ ಹಸಿರು ಸೀರೆ ಉಡಿಸಿದರು. ದುರ್ಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂದಲು ಬಿಡಿಸಿ, ಬಾಚಿ, ಬೈತಲೆ ತೆಗೆದಳು. ಕುಂಕುಮ ಇಟ್ಟಳು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಅವಳು ಕೂತೇ ಇದ್ದಳು.

ಬಿಸಿಲು ಮಾಡಿನ ಮೇಲೆ ಏರಿತ್ತು. ಮೊದಲ ಹೂವು ಕಲ್ಲಿನ ಅಂಚಿಗೆ ಬಿತ್ತು. ಲಕ್ಕಿ ಅದನ್ನು ಹೆಕ್ಕಿ ಕೂದಲಿಗೆ ಸಿಕ್ಕಿಸಲು ಹೋದಳು. ದುರ್ಗಿ ಅವಳ ಮಣಿಕಟ್ಟು ಹಿಡಿದಳು.

"ತಡಿ. ಅದಾಗಿ ಬೀಳ್ಲಿ."

ಎರಡನೆಯದು ಸೀರೆಯ ಮೇಲೆ, ಮೂರನೆಯದು ದುರ್ಗಿಯ ಭುಜದ ಮೇಲೆ. ಅಡ್ಡ ಸೀರೆಯಾಚೆ ಯಾರೋ ಕೆಮ್ಮಿದರು, ಯಾರೋ ಹೊತ್ತಾಯಿತು ಎಂದರು, ಲಿಂಗಪ್ಪ "ಆಗ್ಲಿ, ಆಗ್ಲಿ" ಎಂದ. ಲಕ್ಕಿಯೂ ಕೊನೆಗೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಸಮುದ್ರದ ಗಾಳಿ ಏಳುವ ಹೊತ್ತಿಗೆ ಒಂದು ಹೂವು ಬಂದು ಒದ್ದೆ ಬೈತಲೆಯಲ್ಲಿ ಸಿಕ್ಕಿಕೊಂಡಿತು. ಅದರ ಬೆನ್ನಿಗೆ ಕಿವಿಯ ಹತ್ತಿರ ಎರಡು. ಆಮೇಲೆ ಮತ್ತೆರಡು.

"ಆತು. ಎತ್ತಿ" ಎಂದಳು ದುರ್ಗಿ.

ಚಟ್ಟ ಅಂಗಳ ದಾಟಿ, ಹೂ ಕಾಣದ ಅರವತ್ತು ಗಿಡಗಳ ನಡುವಿನ ಕಾಲುದಾರಿಯಲ್ಲಿ ಗದ್ದೆಗೆ ಇಳಿಯಿತು. ಹೆಂಗಸರು ಹೋಗುವ ಜಾಗ ಅದಲ್ಲ. ಲಕ್ಕಿ ಬಚ್ಚಲ ಬಳಿ ಬಂದು ಅಭ್ಯಾಸಬಲದಿಂದ ಪೊರಕೆ ತೆಗೆದುಕೊಂಡಳು. ದುರ್ಗಿ ಅದನ್ನು ಅವಳ ಕೈಯಿಂದ ಇಸಕೊಂಡು ಗೋಡೆಗೆ ಒರಗಿಸಿದಳು.

ಒದ್ದೆ ಕಲ್ಲಿನ ಸುತ್ತ ಬಿಳಿ ಹೂವು ಚೆಲ್ಲಿತ್ತು. ನಡುವೆ ಗಂಗಿ ಮಲಗಿದ್ದಷ್ಟು ಜಾಗ, ತಲೆಯಿಂದ ಪಾದದವರೆಗೆ, ಬರಿದಾಗಿತ್ತು. ದುರ್ಗಿ ಅದರ ಪಕ್ಕ ಬಚ್ಚಲ ಮೆಟ್ಟಿಲ ಮೇಲೆ ಕೂತಳು, ಕೈ ಮಡಿಲಲ್ಲಿ ಇಟ್ಟುಕೊಂಡು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಒಂದು ಹೂವು ಕಳಚಿತು. ಅವಳ ತಲೆಯೂ ಅದರ ಸಂಗಡ ಕೆಳಗೆ ಬಾಗಿತು.