ಕೈಯಲ್ಲಿ ಹರಿತವಾದ ಆಯುಧ

ಆ ಪೊಲೀಸ್ ಸ್ಟೇಷನ್ನಿನಲ್ಲಿ ಇದ್ದದ್ದು ಒಂದೇ ಒಂದು ಏಸಿ. ಅದು ಇನ್‌ಸ್ಪೆಕ್ಟರ್ ಸಾಹೇಬರ ಕೋಣೆಯಲ್ಲಿತ್ತು. ಮೇಲಿನವರು ಹೊಸ ಯಂತ್ರವನ್ನು ಕಳಿಸಿ, ಇದಕ್ಕೆ ಸೆಖೆ ಆಗಿಬರುವುದಿಲ್ಲ ಎಂದು ಬರೆದ ದಿನವೇ ಸಾಹೇಬರು ತಮ್ಮ ಮೇಜು ಕುರ್ಚಿ ಎತ್ತಿಸಿಕೊಂಡು ಹೊರಗಿನ ಪಡಸಾಲೆಗೆ ಬಂದರು, ಯಂತ್ರ ಒಳಗೆ ಹೋಯಿತು. ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಅಲ್ಲಿ ಜೋರಾಗಿ ಮಾತಾಡಬಾರದು. ಅದು ಕೇಳಿದ್ದನ್ನು ಕೇಳಿದ ತಕ್ಷಣ ಕೊಡಬೇಕು. ಇಷ್ಟು ಉಪಚಾರ ನೋಡಿದ ಮೇಲೆ ಸ್ಟೇಷನ್ನಿನವರು ಅದಕ್ಕೆ ‘ಅಳಿಯ’ ಎಂದು ಹೆಸರಿಡದೆ ಇನ್ನೇನು ಇಟ್ಟಾರು?

ಹೆಸರಿಟ್ಟವಳು ಹೆಡ್ಡಮ್ಮ. ಹೆಡ್ ಕಾನ್ಸ್‌ಟೇಬಲ್ ಅಮ್ಮ ಎನ್ನುವುದು ಜನರ ಬಾಯಲ್ಲಿ ಸವೆದು ಸವೆದು ಹೆಡ್ಡಮ್ಮ ಆಗಿತ್ತೇ ಹೊರತು, ಹೆಡ್ಡತನಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ. ಇಪ್ಪತ್ತೇಳು ವರ್ಷದ ಸರ್ವಿಸು. ಮುಂದಿನ ತಿಂಗಳು ಬಡ್ತಿ ಬಂದರೆ ಭುಜದ ಮೇಲೆ ಒಂದು ನಕ್ಷತ್ರ. ಹಾಗಂತ ಹೊಸ ಯಂತ್ರ ಕಂಡರೆ ಮೂಗು ಮುರಿಯುವ ಹಳೇ ತಲೆಯೇನೂ ಅವಳಲ್ಲ. ದಾರಿ ತಪ್ಪಿದ ಅಜ್ಜಿಯೊಬ್ಬಳನ್ನು ಅಳಿಯ ಬಸ್ ನಿಲ್ದಾಣದ ಕ್ಯಾಮೆರಾಗಳಲ್ಲಿ ಹುಡುಕಿ ಅರ್ಧ ಗಂಟೆಯಲ್ಲಿ ತೋರಿಸಿಕೊಟ್ಟಾಗ, “ಭಲೇ ಅಳಿಯ! ಹಿಂದೆಲ್ಲ ಇದಕ್ಕೆ ಮೂರು ದಿನ ಕಾಲು ಸವೆಸ್ತಿದ್ವಿ” ಎಂದು ಬಾಯಿತುಂಬ ಹೊಗಳಿದವಳೂ ಅವಳೇ.

ಅಳಿಯನಿಗೆ ಇನ್ನೊಂದು ಕೆಲಸವಿತ್ತು. ಸ್ಟೇಷನ್ನಿನ ಹಳೇ ಕಾಗದಗಳನ್ನೆಲ್ಲ ಅದಕ್ಕೆ ಓದಿಸಿದ್ದರು. ಯಾರ ಹೆಸರು ಹೇಳಿದರೂ ಅದು ನೂರಕ್ಕೆ ಇಷ್ಟು ಅಪಾಯ ಎಂದು ಒಂದು ಅಂಕ ಕೊಡುತ್ತಿತ್ತು. ಅಂಕ ನಲವತ್ತು ದಾಟಿತೋ, ಆ ಮನೆಯ ಯಾರಿಗೂ ನೌಕರಿಗೆ ಬೇಕಾದ ಸನ್ನಡತೆ ಪತ್ರ ಸಿಗುವುದಿಲ್ಲ.

ಬುಧವಾರ ಬೆಳಿಗ್ಗೆ ಕ್ಷೌರದಂಗಡಿಯವನು ಮಗಳನ್ನು ಕರೆದುಕೊಂಡು ಸ್ಟೇಷನ್ನಿಗೆ ಬಂದ. ಹೆಡ್ಡಮ್ಮ ಅವನನ್ನು ಅಣ್ಣಾ ಎನ್ನುತ್ತಿದ್ದಳು, ಆದ್ದರಿಂದ ಮಗಳಿಗೆ ಅವಳು ಅತ್ತೆ. ಹುಡುಗಿ ಸರ್ಕಾರಿ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಲು ಆಯ್ಕೆಯಾಗಿದ್ದಳು. ಎಂಬತ್ತು ಗಂಡಸರ ಮಧ್ಯೆ ಪರೀಕ್ಷೆ ಕೊಟ್ಟು, ಇಕ್ಕಟ್ಟಿನ ಓಣಿಯಲ್ಲಿ ಹಿಮ್ಮುಖವಾಗಿ ಗಾಡಿ ತಂದು, ಮೊದಲನೆಯವಳಾಗಿ ಪಾಸಾಗಿದ್ದಳು. ಈಗ ಅವಳು ಕೈಯಲ್ಲಿದ್ದ ಹಾಳೆಯನ್ನು ಹೆಡ್ಡಮ್ಮನ ಮುಂದೆ ಹಿಡಿದಳು.

“ಅತ್ತೆ, ಪತ್ರ ಕೊಡಕ್ಕಾಗಲ್ಲ ಅಂತ ಬಂದಿದೆ. ಶುಕ್ರವಾರ ಐದು ಗಂಟೆ ಒಳಗೆ ಕೊಡ್ಲಿಲ್ಲ ಅಂದ್ರೆ ಕೆಲಸ ಎರಡನೆಯವನಿಗೆ ಹೋಗುತ್ತಂತೆ.”

“ಯಾವ ತಲೆಕೆಟ್ಟವನು ಹಾಗೆ ಬರೆದದ್ದು? ಕೂತ್ಕೊಳ್ಳಿ ಇಬ್ಬರೂ, ಬಂದೆ” ಎಂದು ಹೆಡ್ಡಮ್ಮ ಬೂಟು ಕಳಚಿಟ್ಟು ಅಳಿಯನ ಕೋಣೆಗೆ ನುಗ್ಗಿದಳು.

ಯಂತ್ರ ನೋಡಿಕೊಳ್ಳುವ ಆಪರೇಟರ್ ಹುಡುಗಿ ಹೆಸರು ಹಾಕಿದಳು. ಪರದೆಯ ಮೇಲೆ ಊರಿನ ನಕ್ಷೆ ಬಂತು. ನಡುವೆ ಒಂದು ಅಂಗಡಿ ಕೆಂಪಗೆ ಉರಿಯುತ್ತಿತ್ತು. “ಮನೆಗೆ ತೊಂಬತ್ತೆರಡು ಅಂಕ ಅಕ್ಕಾ. ಎಲ್ಲಾ ಅಪ್ಪನ ಹೆಸರಲ್ಲಿ ಬಂದಿರೋದು. ಈ ವಾರ್ಡಲ್ಲೇ ಅತಿ ಅಪಾಯಕಾರಿ ಮನುಷ್ಯ ಅಂತ ತೋರಿಸ್ತಿದೆ.”

ಹೆಡ್ಡಮ್ಮ ಗೊಳ್ಳೆಂದು ನಕ್ಕಳು. “ಆ ಪುಣ್ಯಾತ್ಮ ಜಿರಲೆ ಕಂಡ್ರೆ ಕುರ್ಚಿ ಹತ್ತುತ್ತಾನೆ ಕಣೇ! ನಿನ್ನ ಅಳಿಯನಿಗೆ ಅರಳು ಮರಳು ಶುರುವಾಯ್ತಾ?”

“ಕಾರಣನೂ ಕೊಟ್ಟಿದೆ, ನೋಡಿ. ಒಂಬತ್ತು ವರ್ಷದಲ್ಲಿ ಇನ್ನೂರ ಹದಿನಾಲ್ಕು ಸಲ ಪೊಲೀಸರು ಸಂಶಯದ ಮೇಲೆ ವಿಚಾರಿಸಿದ್ದಾರೆ. ಎಲ್ಲದಕ್ಕೂ ಚೀಟಿ ಇದೆ. ಒಂದರಲ್ಲಂತೂ ‘ಕೈಯಲ್ಲಿ ಹರಿತವಾದ ಆಯುಧ ಹಿಡಿದು, ಒಬ್ಬ ವ್ಯಕ್ತಿಯ ಕುತ್ತಿಗೆಯ ಬಳಿ ನಿಂತಿದ್ದ’ ಅಂತಿದೆ. ಅಂಕ ಸರ್ರನೆ ಏರಿರೋದು ಅದರಿಂದಾನೇ.”

ಹೆಡ್ಡಮ್ಮ ಬಗ್ಗಿ ನೋಡಿದಳು. ಪರದೆಯ ಮೇಲಿದ್ದ ಚೀಟಿಯ ದುಂಡು ಅಕ್ಷರ ಅವಳದೇ.

ಬೀಟಿಗೆ ಹೋದವರು ದಿನಕ್ಕೆ ಎಂಟು ಜನರನ್ನು ನಿಲ್ಲಿಸಿ, ವಿಚಾರಿಸಿ, ಎಂಟು ಚೀಟಿ ತುಂಬಿ ತರಬೇಕೆಂದು ನಿಯಮ. ಊರೇನು ದಿನಾ ಎಂಟೆಂಟು ಸಂಶಯದ ಮನುಷ್ಯರನ್ನು ಹಡೆಯುತ್ತದೆಯೇ? ಮಧ್ಯಾಹ್ನ ಎರಡು ಗಂಟೆಯ ಬಿಸಿಲು ನೆತ್ತಿ ಸುಡುವಾಗ ಕ್ಷೌರದಂಗಡಿಯಲ್ಲಿ ಫ್ಯಾನಿತ್ತು, ಅಂದಿನ ಪತ್ರಿಕೆಯಿತ್ತು, ಬನ್ನಿ ಕೂತ್ಕೊಳ್ಳಿ ಎನ್ನುವ ಅಣ್ಣನಿದ್ದ. ಹೆಡ್ಡಮ್ಮ ಅಲ್ಲಿ ಕೂತು, ಮೊದಲು ಅಣ್ಣನ ಹೆಸರು, ಆಮೇಲೆ ಸರದಿ ಕಾಯುತ್ತಿದ್ದವರ ಹೆಸರು ಬರೆದು ಎಂಟು ಮಾಡುತ್ತಿದ್ದಳು. ‘ಸಂಶಯಾಸ್ಪದವಾಗಿ ಕುಳಿತಿದ್ದ. ವಿಚಾರಿಸಿ ಬಿಡಲಾಯಿತು.’ ಒಂದು ದಿನ ಬೇಜಾರಾಗಿ, ಅಣ್ಣ ಯಾರದೋ ಗಡ್ಡಕ್ಕೆ ಕತ್ತಿ ಹಿಡಿದದ್ದನ್ನು ನೋಡಿ ಆ ಆಯುಧದ ಸಾಲು ಬರೆದು ಗಟ್ಟಿಯಾಗಿ ಓದಿದ್ದಳು. ಇಡೀ ಅಂಗಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಚೀಟಿಗಳು ಕಟ್ಟಾಗಿ ಅಟ್ಟಕ್ಕೆ ಹೋಗುತ್ತಿದ್ದವು. ಅಟ್ಟದ ಮೇಲಿನ ಕಾಗದವನ್ನು ಇಲಿ ಬಿಟ್ಟರೆ ಇನ್ಯಾರು ಮುಟ್ಟುತ್ತಾರೆ? ಅಳಿಯ ಮುಟ್ಟಿದ. ಒಂದನ್ನೂ ಬಿಡದೆ ಓದಿದ, ಓದಿದ್ದನ್ನೆಲ್ಲ ನಂಬಿದ.

“ಇದರಲ್ಲಿ ನಾನು ಬರೆದದ್ದು ಎಷ್ಟು?”

“ನೂರ ಎಂಬತ್ತೇಳು.”

“ಅವನ್ನ ತೆಗೆದ್ರೆ?”

ಆಪರೇಟರ್ ಬೆರಳಾಡಿಸಿದಳು. “ಅಂಕ ಹದಿನೇಳಕ್ಕೆ ಇಳಿಯುತ್ತೆ. ಆದ್ರೆ ಸುಮ್ಮನೆ ತೆಗೆಯೋ ಹಾಗಿಲ್ಲ ಅಕ್ಕಾ. ಚೀಟಿ ಸುಳ್ಳು ಅಂತ ಬರೆದವರೇ ಸಹಿ ಮಾಡಿ ಕೊಡಬೇಕು.”

ಹೆಡ್ಡಮ್ಮ ನೇರ ಪಡಸಾಲೆಗೆ ಬಂದು ಸಾಹೇಬರಿಗೆ ಸೆಲ್ಯೂಟ್ ಹೊಡೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಪ್ಪ ಮಗಳು ಬಾಗಿಲಾಚೆ ಇದ್ದದ್ದರಿಂದ ದನಿ ತಗ್ಗಿಸಿದಳು. ಆದರೂ ಪಡಸಾಲೆಯಲ್ಲಿ ಗುಟ್ಟೆಲ್ಲಿ ಉಳಿಯುತ್ತದೆ? ಆಚೀಚೆಯ ಮೇಜಿನವರ ಕಿವಿಗಳೆಲ್ಲ ನೆಟ್ಟಗಾದವು.

ಸಾಹೇಬರು ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, ಕೆಟ್ಟವರಲ್ಲ. ಮುಖ ಒರೆಸಿಕೊಂಡು, “ನೋಡಿ ಅಮ್ಮಾ, ಯಂತ್ರ ತಪ್ಪು ಮಾಡಿದೆ ಅಂತ ಒಂದು ದೂರು ಬರೀರಿ. ನಾನೇ ಕಂಪನಿಗೆ ಕಳಿಸ್ತೀನಿ. ನಲವತ್ತೈದು ದಿನದಲ್ಲಿ ಸರಿ ಮಾಡ್ತಾರೆ” ಎಂದರು.

“ಶುಕ್ರವಾರಕ್ಕೆ ಎರಡೇ ದಿನ ಇರೋದು ಸಾರ್. ಮತ್ತೆ, ತಪ್ಪು ಅದರದ್ದಲ್ಲವಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

“ಸುಳ್ಳು ಅಂತ ಯಾಕೆ ಅಂದ್ಕೊಳ್ತೀರಿ? ಲೆಕ್ಕ ಭರ್ತಿಗೆ ಬರೆದದ್ದು ಅನ್ನಿ.”

“ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು ಸಾರ್.”

ಯಾರೋ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. “ಸುಳ್ಳು ದಾಖಲೆ ಮಾಡಿದೆ ಅಂತ ನೀವೇ ಬರೆದುಕೊಟ್ರೆ ನಾನು ಕಣ್ಣು ಮುಚ್ಚಿ ಕೂರೋಕಾಗಲ್ಲ. ವಿಚಾರಣೆ ಆಗುತ್ತೆ. ಬಡ್ತಿ ಪಟ್ಟಿಯಿಂದ ಹೆಸರು ಹೋಗುತ್ತೆ. ಇನ್ನು ಮೂರು ವರ್ಷದಲ್ಲಿ ನಿವೃತ್ತಿ, ಮತ್ತೆ ಸೇರೋದೂ ಇಲ್ಲ. ಇವತ್ತು ಮನೆಗೆ ಹೋಗಿ ಯೋಚನೆ ಮಾಡಿ.”

ಹೊರಗೆ ಕಾಯುತ್ತಿದ್ದ ಅಪ್ಪ ಮಗಳಿಗೆ ಅವಳು, “ಶುಕ್ರವಾರದ ಒಳಗೆ ಪತ್ರ ಬರುತ್ತೆ. ನಾನಿದ್ದೀನಿ, ಹೋಗಿ” ಎಂದಷ್ಟೇ ಹೇಳಿ ಕಳಿಸಿದಳು. ಅವರು ಗೇಟು ದಾಟಿದ ಮೇಲೆ ಮೀಸೆಯ ಕಾನ್ಸ್‌ಟೇಬಲ್ ಹಿಂದೆಯೇ ಬಂದು ಪಿಸುಗುಟ್ಟಿದ. “ನೀವು ಬಾಯಿ ಬಿಟ್ರೆ ನಮ್ಮ ಚೀಟಿಗಳನ್ನೂ ಕೆದಕ್ತಾರೆ, ಹೆಡ್ಡಮ್ಮ. ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?”

“ನಿನ್ನ ಚೀಟಿ ನೀನು ನೋಡ್ಕೋ. ನಾನು ನನ್ನ ಅಕ್ಷರಕ್ಕೆ ಮಾತ್ರ ಜವಾಬು ಹೇಳೋದು” ಎಂದು ಅವಳು ಬೂಟಿನ ದಾರ ಬಿಗಿದಳು.

ಮಾತೇನೋ ಗಟ್ಟಿಯಾಗಿಯೇ ಬಂತು. ಆದರೆ ಸಂಜೆ ಮನೆಗೆ ಹೋದರೆ, ದರ್ಜಿಯಾದ ಅವಳ ಗಂಡ ಹೊಸ ಖಾಕಿ ಅಂಗಿಯನ್ನು ಮೇಜಿನ ಮೇಲೆ ಹರಡಿ ಕೂತಿದ್ದ. ಭುಜದ ಪಟ್ಟಿಯಲ್ಲಿ ನಕ್ಷತ್ರ ಸಿಕ್ಕಿಸಲು ಅಚ್ಚುಕಟ್ಟಾಗಿ ತೂತು ಮಾಡಿ, ಸುತ್ತ ದಾರ ಕಟ್ಟಿದ್ದ.

“ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ಬಿಟ್ರಲ್ಲ ನೀವು!” ಎಂದು ಅವಳು ನಗಲು ಹೋದಳು. ಅಳು ಬಂತು. ಆ ನಕ್ಷತ್ರ ಅವಳಿಗೆ ಬೇಕಾಗಿತ್ತು. ತಾನು ಸೇರಿದ ಎಷ್ಟೋ ವರ್ಷದ ಮೇಲೆ ಸೇರಿದವರೆಲ್ಲ ಅದನ್ನು ಹಾಕಿಕೊಂಡು ಎದುರು ಬಂದಾಗ ಸೆಲ್ಯೂಟ್ ಹೊಡೆದು ಹೊಡೆದು ಅವಳ ಕೈ ಸೋತಿತ್ತು. ಮೂಗು ಒರೆಸಿಕೊಳ್ಳುತ್ತಲೇ ಗಂಡನಿಗೆ ಎಲ್ಲ ಹೇಳಿದಳು.

ಅವನು ಅಂಗಿಯನ್ನು ಮಡಚಿ ಮಂಡಿಯ ಮೇಲಿಟ್ಟುಕೊಂಡು ಕೇಳಿದ. “ಆ ಮಗು ಗಾಡಿ ಚೆನ್ನಾಗಿ ಓಡಿಸ್ತಾಳಾ?”

“ಅವಳ ಹಾಗೆ ಓಡಿಸೋರು ಊರಲ್ಲೇ ಇಲ್ಲ.”

“ಮತ್ತೆ ನಂಗೆ ಎದೆನೋವು ಬಂದ್ರೆ ಅವಳೇ ಬರ್ಲಿ, ಎರಡನೆಯವನು ಬೇಡ. ಬರೆದುಕೊಡು. ತೂತು ಮುಚ್ಚೋಕೆ ನಂಗೆ ಐದು ನಿಮಿಷ ಸಾಕು.”

ಗುರುವಾರ ಬೆಳಿಗ್ಗೆ ಹೆಡ್ಡಮ್ಮ ಎರಡು ಪುಟ ಬರೆದಳು. ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ ಕೂತು, ಯಾಕೆ ಬರೆದೆ ಎಂಬುದೆಲ್ಲ ಅದರಲ್ಲಿತ್ತು. ಆಯುಧವೆಂದರೆ ಕ್ಷೌರದ ಕತ್ತಿ, ಕುತ್ತಿಗೆಯೆಂದರೆ ಗಡ್ಡ ಹೆರೆಸಿಕೊಳ್ಳುತ್ತಿದ್ದವನದು ಎಂದೂ ಬಿಡಿಸಿ ಬರೆದಳು. ಸಾಹೇಬರು ಎರಡು ಸಲ ಓದಿದರು.

“ಕೊನೇ ಸಲ ಕೇಳ್ತೀನಿ ಅಮ್ಮಾ.”

“ಯಂತ್ರ ಇರ್ಲಿ ಸಾರ್, ಬೇಡ ಅನ್ನಲ್ಲ. ಕಳ್ಳನ್ನ ಹಿಡೀಲಿ, ಕಳೆದುಹೋದ ಅಜ್ಜೀನ ಹುಡುಕ್ಲಿ. ಆದ್ರೆ ಅದಕ್ಕೆ ಉಣಿಸೋ ಕೈ ನಮ್ದು. ನಾವು ಕಸ ಉಣಿಸಿ, ಅದು ಹೇಳಿದ್ದೇ ವೇದವಾಕ್ಯ ಅಂದ್ರೆ ಹೇಗೆ? ನನ್ನ ಪಾಲಿನ ಕಸ ನಾನು ತೆಗೀತೀನಿ. ಉಳಿದ ಅಟ್ಟ ಗುಡಿಸೋದು ನಿಮಗೆ ಬಿಟ್ಟಿದ್ದು. ಸಹಿ ಮಾಡಿ.”

ಸಾಹೇಬರು ಮಾಡಿದರು. ಅಂಕ ಇಳಿಯಿತು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸನ್ನಡತೆ ಪತ್ರ ಹೆಡ್ಡಮ್ಮನ ಕೈಯಲ್ಲಿತ್ತು. ಅದರ ಜೊತೆಗೇ ಅವಳ ಹೆಸರಿಗೆ ವಿಚಾರಣೆಯ ನೋಟಿಸೂ ಬಂದಿತ್ತು. ನೋಟಿಸನ್ನು ಮಡಚಿ ಜೇಬಿಗೆ ತುರುಕಿ ಅವಳು ಕ್ಷೌರದಂಗಡಿಗೆ ನಡೆದಳು.

ಹುಡುಗಿ ಪತ್ರ ಕಸಿದುಕೊಂಡು, ಓದಿ, ಅತ್ತೆಯ ಎರಡೂ ಕೆನ್ನೆ ಹಿಂಡಿ, ಸ್ಕೂಟರ್ ಹತ್ತಿ ಆಸ್ಪತ್ರೆಯ ಕಡೆಗೆ ಹಾರಿಹೋದಳು. ಅಂಗಡಿಯಲ್ಲಿ ಉಳಿದದ್ದು ಇವರಿಬ್ಬರೇ. ಅಣ್ಣ ಎರಡೂ ಕೈ ಜೋಡಿಸಿದ.

“ನಿಮ್ಮ ಋಣ ತೀರಿಸೋಕಾಗಲ್ಲ ಅಮ್ಮಾ. ಯಂತ್ರದ ತಪ್ಪು ಹುಡುಕಿ ಹಿಡಿದ್ರಲ್ಲ!”

ಹೂಂ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮುಗಿಸುವ ಜಾಯಮಾನ ಹೆಡ್ಡಮ್ಮನದಲ್ಲ. “ತಪ್ಪು ಯಂತ್ರದ್ದಲ್ಲ ಅಣ್ಣಾ. ನಂದು. ನಾನಿಲ್ಲಿ ಕೂತು ಬರೀತಿದ್ದ ಚೀಟಿಗಳನ್ನ ಅದು ಓದಿದೆ. ನೂರ ಎಂಬತ್ತೇಳು ಸಲ ನಿಮ್ಮನ್ನ ಸಂಶಯದ ಮನುಷ್ಯ ಅಂತ ಬರೆದಿದ್ದೀನಿ. ಆಯುಧ ಹಿಡಿದಿದ್ದ ಅಂತಲೂ ಬರೆದದ್ದು ನಾನೇ.”

“ಅವತ್ತು ನಾನೂ ನಕ್ಕಿದ್ದೆ” ಎಂದ ಅಣ್ಣ. ಆಮೇಲೆ ಅವನ ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು. “ಹಾಗಾದ್ರೆ ಮಾರ್ಕೆಟ್ ಗೇಟು?”

“ಯಾವ ಗೇಟು?”

“ಆರು ತಿಂಗಳಿಂದ, ನಿಮ್ಮ ಯಂತ್ರ ಬಂದಾಗಿಂದ, ಮಾರ್ಕೆಟ್ ಗೇಟಲ್ಲಿ ಕ್ಯಾಮೆರಾ ಹತ್ರ ನನ್ನೊಬ್ಬನನ್ನೇ ನಿಲ್ಲಿಸ್ತಾರೆ. ಚೀಲ ಬಿಚ್ಚಿಸ್ತಾರೆ. ಹಿಂದೆ ಮುಂದೆ ಇರೋರನ್ನೆಲ್ಲ ಬಿಡ್ತಾರೆ. ಯಾಕೆ ಅಂತ ಯಾರೂ ಹೇಳಲ್ಲ. ನನ್ನ ಮುಖಾನೇ ಹಾಗಿದೆಯೇನೋ ಅಂದ್ಕೊಂಡೆ.” ಅವನು ಕನ್ನಡಿಯ ಕಡೆ ಕೈ ತೋರಿಸಿದ. “ಬೆಳಗಿಂದ ಸಂಜೆ ತನಕ ಇದರ ಮುಂದೆ ನಿಲ್ಲೋ ಕೆಲಸ ನಂದು. ಗಿರಾಕಿ ತಲೆ ಕತ್ತರಿಸ್ತಾ ಕತ್ತರಿಸ್ತಾ ನನ್ನ ಮುಖ ನೋಡ್ಕೊಳ್ತಿದ್ದೆ, ಎಲ್ಲಿ ಕಳ್ಳನ ಕಳೆ ಇದೆ ಅಂತ.”

ಹೆಡ್ಡಮ್ಮನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ವಿಚಾರಣೆಯ ನೋಟಿಸು, ಕೈತಪ್ಪಿದ ನಕ್ಷತ್ರ, ಯಾವುದೂ ಅವಳಿಗೆ ಹೀಗೆ ತಾಗಿರಲಿಲ್ಲ. ಕ್ಷಮಿಸಿ ಎಂದಳು. ಇನ್ನೊಂದು ಸಲ ಎಂದಳು. ಅಣ್ಣ ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತ ನಿಂತ.

ಕಡೆಗೆ ಕೇಳಿದ. “ನನ್ನ ಮಗಳಿಗೆ ನೌಕರಿ ಸಿಕ್ತು, ಅದಕ್ಕೇ ಇದು ಗೊತ್ತಾಯ್ತು. ಇಲ್ಲಿ ಕಾಯ್ತಾ ಕೂತಿದ್ದೋರ ಹೆಸರೂ ಬರೆದಿದ್ರಲ್ಲ, ಅವರು?”

“ಮೂವತ್ತೆಂಟು ಜನ. ಅವರ ಚೀಟಿಗೂ ಸಹಿ ಹಾಕಿದ್ದೀನಿ. ಇವತ್ತೇ ತೆಗೆದಿದ್ದಾರೆ.”

“ಅವರಿಗೆ ಹೇಳಿದ್ರಾ?”

“ಇಲ್ಲ.”

“ಹೇಳಿ. ಯಾರ್ಯಾರು ಕನ್ನಡಿ ನೋಡ್ಕೊಳ್ತಾ ಕೂತಿದ್ದಾರೋ.”

ಅಷ್ಟರಲ್ಲಿ ಗಾರೆ ಕೆಲಸದವನು ತಲೆಯ ಮೇಲಿನ ಸಿಮೆಂಟು ಧೂಳು ಕೊಡವುತ್ತ ಒಳಗೆ ಬಂದ. ಸಮವಸ್ತ್ರ ಕಂಡದ್ದೇ ತಡ, ಯಾರೂ ಕೇಳದಿದ್ದರೂ ಚೀಲ ಬಿಚ್ಚಿ ತೋರಿಸಲು ಹೋದ.

ಹೆಡ್ಡಮ್ಮ ಟೋಪಿ ತೆಗೆದು ಅವನೆದುರು ನೆಟ್ಟಗೆ ನಿಂತಳು. “ಚೀಲ ಕಟ್ಟಿ ಅಣ್ಣಾ. ತಪ್ಪು ನಿಮ್ಮದಲ್ಲ. ಕೂತ್ಕೊಳ್ಳಿ, ನಾನು ನಿಮ್ಮ ಬಗ್ಗೆ ಇಪ್ಪತ್ತಾರು ಸಲ ಸುಳ್ಳು ಬರೆದಿದ್ದೀನಿ.”