ಅಕೆಸಾ ಅತ್ತೆ ಸಿನಿಮಾ ನೋಡಿದ್ದು

ಆಕ್ಲೆಂಡಿನಿಂದ ಲವೀನಿಯಾ ಫೋನು ಮಾಡಿದಾಗ ಲೆಸಿಯೆಲಿ ಚಾಪೆಗೆಂದು ಕೇದಗೆ ಎಲೆ ಸೀಳುತ್ತಿದ್ದಳು. ಲವೀನಿಯಾ ಸಿನಿಮಾ ಮಾಡಿದವಳು, ಲೆಸಿಯೆಲಿ ಆ ಸಿನಿಮಾದಲ್ಲಿ ಅತ್ತವಳು. ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಲವೀನಿಯಾ ಒಂದೊಂದಾಗಿ ಓದಿ ಹೇಳಿದಳು. ಒಬ್ಬನು ‘ದಡದ ಮನೆ’ಗೆ ಐದಕ್ಕೆ ಐದು ನಕ್ಷತ್ರ ಕೊಟ್ಟು, ಕೂದಲು ಕತ್ತರಿಸುವ ಆ ನಾಲ್ಕು ನಿಮಿಷಕ್ಕೆ ಕೈಮುಗಿಯಬೇಕು ಎಂದಿದ್ದ. ಇನ್ನೊಬ್ಬನಿಗೆ ಸಿನಿಮಾ ಆಮೆ ನಡಿಗೆ ಅನ್ನಿಸಿತ್ತು. ಮೂರನೆಯವಳು, ಸಾವಿನ ಪದ್ಧತಿಯನ್ನು ಬಿಳಿಯರ ಮುಂದೆ ಅಂಗಡಿಗಿಟ್ಟಿದ್ದಾರೆ ಎಂದು ಕೆಂಡ ಕಾರಿದ್ದಳು. ಒಂದು ಮಾತಿನಲ್ಲಿ ಮಾತ್ರ ಮೂವರೂ ಒಂದಾಗಿದ್ದರು. ನಟನೆಯ ಗಂಧಗಾಳಿ ಇಲ್ಲದ ಹಳ್ಳಿ ಹೆಂಗಸು ಇಷ್ಟು ಚೆನ್ನಾಗಿ ನಟಿಸಿದ್ದು ಹೇಗೆ ಎಂದು ಅವರಿಗೆ ಆಶ್ಚರ್ಯ.

ಕತ್ತಲಲ್ಲಿ ಕೂತು ಪರರ ಅಳುವಿಗೆ ನಕ್ಷತ್ರ ಅಂಟಿಸುವವರಿಗೆ ಗೊತ್ತಾಗುವುದಾದರೂ ಹೇಗೆ? ಲೆಸಿಯೆಲಿ ನಟಿಸಿರಲೇ ಇಲ್ಲ.

ಅವಳಪ್ಪ ತೀರಿಹೋದದ್ದು ಕೊರೊನಾ ವರ್ಷದಲ್ಲಿ. ಆಗ ಅವಳು ಆಸ್ಟ್ರೇಲಿಯಾದಲ್ಲಿ ಕಿತ್ತಳೆ ಪೆಟ್ಟಿಗೆಗೆ ತುಂಬುವ ಕೆಲಸದಲ್ಲಿದ್ದಳು. ಗಡಿ ಮುಚ್ಚಿತ್ತು, ವಿಮಾನವಿಲ್ಲ. ಅಪ್ಪನನ್ನು ಮಣ್ಣು ಮಾಡುವುದನ್ನು ಅಂಗೈಯಗಲದ ಫೋನಿನಲ್ಲಿ ನೋಡಿದಳು. ಪಾದ್ರಿಯ ಬೆನ್ನು ಅಡ್ಡ ಬಂದು ಗುಂಡಿಯೂ ಸರಿಯಾಗಿ ಕಾಣಲಿಲ್ಲ. ಮೇಸ್ತ್ರಿ ಕಾಲು ಗಂಟೆ ಬಿಡುವು ಕೊಟ್ಟಿದ್ದ. ಮುಗಿದ ಮೇಲೆ ಕೂದಲನ್ನು ಮತ್ತೆ ಬಲೆಯ ಟೊಪ್ಪಿಗೆಯೊಳಗೆ ತುರುಕಿ ಕಿತ್ತಳೆಯ ಸಾಲಿಗೆ ನಿಂತಳು.

ನಮ್ಮ ವಾವಾವು ದ್ವೀಪದಲ್ಲಿ ಅಪ್ಪ ಸತ್ತರೆ ಹೆಣ್ಣುಮಕ್ಕಳು ಕೂದಲು ಬಿಚ್ಚಿ, ಸೊಂಟಕ್ಕೆ ಹರಕು ಚಾಪೆ ಸುತ್ತಿ, ಹಿತ್ತಲಿನ ಅಡಿಗೆಯ ಹೊಗೆಯಲ್ಲಿ ಇರಬೇಕು. ಹತ್ತನೆಯ ದಿನ ಸೋದರತ್ತೆ ಕತ್ತರಿ ಹಿಡಿದು ಬಂದು ಆ ಕೂದಲು ಕತ್ತರಿಸುತ್ತಾಳೆ. ಅಲ್ಲಿಗೆ ಸೂತಕ ಮುಗಿಯಿತು, ಎದ್ದು ಸ್ನಾನ ಮಾಡಿ ಬದುಕಬಹುದು. ಸೋದರತ್ತೆಯೆಂದರೆ ಮನೆಗೆ ಅರಸಿ, ಅವಳು ಸತ್ತರೂ ಅಣ್ಣತಮ್ಮಂದಿರ ಹೆಣ್ಣುಮಕ್ಕಳಿಗೆ ಇದೇ ಸೂತಕ. ಅವಳ ಮುಂದೆ ಅಣ್ಣತಮ್ಮಂದಿರೇ ತಲೆ ತಗ್ಗಿಸುವಾಗ ಅವರ ಮಕ್ಕಳ ಪಾಡೇನು? ಲೆಸಿಯೆಲಿಯ ಸೋದರತ್ತೆ ಅಕೆಸಾ. ಅಪ್ಪನಿಗಿಂತ ಆರು ವರ್ಷ ದೊಡ್ಡವಳು, ಮೂರು ಮನೆಯಾಚೆ ಇದ್ದವಳು.

ಎರಡು ವರ್ಷದ ಮೇಲೆ ಲೆಸಿಯೆಲಿ ಊರಿಗೆ ಬಂದಳು. ಅತ್ತೆ ಕರೆಯುತ್ತಾಳೆ, ಹತ್ತನೆಯ ದಿನ ಕಳೆದು ಯಾವ ಕಾಲವಾಗಿದ್ದರೂ ಕರೆದು ಕೂರಿಸಿ ಕತ್ತರಿಸುತ್ತಾಳೆ ಎಂದುಕೊಂಡಳು. ಅತ್ತೆ ಕರೆಯಲಿಲ್ಲ. ಕೆಳಗಿನವಳು ಮೇಲಿನವಳನ್ನು ಬಾಯಿಬಿಟ್ಟು ಕೇಳುವುದುಂಟೆ? ಭಾನುವಾರ ಭಾನುವಾರ ಚರ್ಚಿನಲ್ಲಿ ಅತ್ತೆಯ ಎರಡು ಸಾಲು ಮುಂದೆ ಜಡೆ ಇಳಿಬಿಟ್ಟು ಕೂತಳು. ಹೀಗೇ ಒಂದು ವರ್ಷ ಹೋಯಿತು. ಜಡೆ ಸೊಂಟ ದಾಟಿತು. ಅಪ್ಪ ಸತ್ತದ್ದು ನಿಜವೋ ಸುಳ್ಳೋ ಎಂಬ ಗೊಂದಲದಲ್ಲೇ ಅವಳು ಉಂಡಳು, ಮಲಗಿದಳು.

ಆಗ ಬಂದವಳು ಲವೀನಿಯಾ. ಸಮುದ್ರದಲ್ಲಿ ಮುಳುಗಿ ಸತ್ತ ಅಪ್ಪ, ಅವನ ಮಗಳು, ಇಷ್ಟೇ ಅವಳ ಕಥೆ. ಲೆಸಿಯೆಲಿಯ ಕೂದಲು ನೋಡಿ, ಮಗಳ ಪಾತ್ರ ನಿನ್ನದೇ ಎಂದಳು. ಪಕ್ಕದ ದ್ವೀಪದಲ್ಲಿ ಚಿತ್ರೀಕರಣ. ಸೋದರತ್ತೆಯ ಪಾತ್ರಕ್ಕೆ ಆಕ್ಲೆಂಡಿನ ನಟಿಯೊಬ್ಬಳು ಬಂದಿದ್ದಳು. ಕತ್ತರಿಯ ಮೊದಲ ಸದ್ದು ಕಿವಿಯ ಹತ್ತಿರ ಕೇಳಿದ್ದೇ ತಡ, ಮೂರು ವರ್ಷದ್ದೆಲ್ಲ ಕಟ್ಟೆ ಒಡೆದು ಬಂತು. ಯಾರ ಕೈ, ಯಾರ ಕ್ಯಾಮೆರಾ ಒಂದೂ ತಿಳಿಯಲಿಲ್ಲ. ನಿಲ್ಲಿಸಿ ಎನ್ನುವುದನ್ನು ಲವೀನಿಯಾ ಮರೆತಳು. ಆಮೇಲೆ ಲೆಸಿಯೆಲಿಗೆ ಎಷ್ಟೋ ಕಾಲದ ಮೇಲೆ ಚೆನ್ನಾಗಿ ಹಸಿವಾಯಿತು. ಊರಿಗೆ ಮರಳಿದಾಗ ಗಿಡ್ಡ ಕೂದಲು ಕಂಡು ಕೇಳಿದವರಿಗೆಲ್ಲ, ಪಾತ್ರಕ್ಕೆ ಬೇಕಿತ್ತಂತೆ, ಸಲೂನಿನವನು ಕತ್ತರಿಸಿದ ಎಂದು ಸುಳ್ಳು ಹೇಳಿದಳು. ಅತ್ತೆಗೂ ಅದೇ ಸುಳ್ಳು ತಲುಪಿತು.

ಈಗ ಸಿನಿಮಾ ಊರಿಗೇ ಬರುತ್ತದೆಂದು ಲವೀನಿಯಾ ಫೋನಿನಲ್ಲಿ ಸಂಭ್ರಮದಿಂದ ಹೇಳಿದಳು. ಚರ್ಚಿನ ಸಭಾಂಗಣ, ಶನಿವಾರ ಸಂಜೆ. ಲೆಸಿಯೆಲಿಯ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ಜಗತ್ತು ಹೊಗಳಲಿ, ಉಗಿಯಲಿ, ಅವಳಿಗೆ ಎರಡೂ ಒಂದೇ. ಅತ್ತೆ ನೋಡುತ್ತಾಳೆ ಎನ್ನುವುದೊಂದೇ ಅವಳ ಭಯ. ಆ ನಾಲ್ಕು ನಿಮಿಷ ತೆಗೆದು ತೋರಿಸಲಾಗದೇ ಎಂದು ಅಂಗಲಾಚಿದಳು. ಅದನ್ನು ತೆಗೆದರೆ ಸಿನಿಮಾದಲ್ಲಿ ಇನ್ನೇನಿದೆ ಎಂದು ಲವೀನಿಯಾ ನಕ್ಕಳು.

ಶನಿವಾರ ಇಡೀ ಊರು ನೆರೆಯಿತು. ನಮ್ಮಲ್ಲಿ ಅಣ್ಣತಂಗಿ ಒಂದೇ ಸೂರಿನಡಿ ಸಿನಿಮಾ ನೋಡಬಾರದಲ್ಲ, ಹಾಗಾಗಿ ಗಂಡಸರು ಅರ್ಧಕ್ಕರ್ಧ ಕಿಟಕಿಯಾಚೆ. ಹೆಂಗಸರು ಚಾಪೆಯ ಮೇಲೆ. ಅಕೆಸಾಳಿಗೆ ಮಾತ್ರ ಮುಂದೆ ಕುರ್ಚಿ. ನಮ್ಮ ಜನಕ್ಕೆ ದುಃಖದ ಸಿನಿಮಾ ಎಂದರೆ ಮೊದಲು ನಗು. ಹೆಣದ ಹೊಟ್ಟೆ ಉಸಿರಾಡಿದ್ದಕ್ಕೆ ನಕ್ಕರು. ಅಳಿಯನ ಪಾತ್ರದವನು ಚಾಪೆಯನ್ನು ತಲೆಕೆಳಗಾಗಿ ಸುತ್ತಿದ್ದಕ್ಕೆ ಹೊಟ್ಟೆ ಹಿಡಿದು ನಕ್ಕರು. ಅಷ್ಟು ದೊಡ್ಡ ಸಾವಿನೂಟಕ್ಕೆ ಒಂದೇ ಹಂದಿಯೇ, ಜಿಪುಣರು ಎಂದು ಕಿಟಕಿಯಾಚೆಯಿಂದ ಯಾರೋ ಕೂಗಿದರು. ಪತ್ರಿಕೆಯ ಮೂವರು ಬರೆದದ್ದಕ್ಕಿಂತ ಈ ವಿಮರ್ಶೆಯೇ ವಾಸಿಯಿತ್ತು.

ಕತ್ತರಿ ಬಂತು. ಸಭಾಂಗಣ ಗಪ್ಪಾಯಿತು. ಎಲ್ಲೋ ಒಬ್ಬಳು ಬಿಕ್ಕಿದಳು, ಆಮೇಲೆ ಇನ್ನೊಬ್ಬಳು. ಲೆಸಿಯೆಲಿ ಪರದೆ ನೋಡಲಿಲ್ಲ, ಹಿಂದಿನಿಂದ ಅತ್ತೆಯ ಬೆನ್ನನ್ನೇ ನೋಡಿದಳು. ಆ ಬೆನ್ನು ಅಲುಗಲಿಲ್ಲ. ಮುಗಿದ ಮೇಲೆ ಪಾದ್ರಿ ಪ್ರಾರ್ಥನೆ ಮಾಡಿದ, ಊರಿನ ಮಗಳನ್ನು ಹೊಗಳಿದ. ಕೊಟ್ಟದ್ದನ್ನು ತಿಂದು ಅಕೆಸಾ ಯಾರ ಕೈಯನ್ನೂ ಹಿಡಿಯದೆ ಮನೆಗೆ ನಡೆದಳು.

ಮರುದಿನ ಚರ್ಚು ಮುಗಿದ ಮೇಲೆ ಲೆಸಿಯೆಲಿ ತನ್ನಲ್ಲಿದ್ದ ಒಂದೇ ನಯವಾದ ಚಾಪೆಯನ್ನು ಕಾಣಿಕೆಗೆಂದು ಮಡಿಸಿಕೊಂಡು ಅತ್ತೆಯ ಹೊಸ್ತಿಲ ಬಳಿ ತಲೆ ತಗ್ಗಿಸಿ ಕೂತಳು. ಒಳಗಿನಿಂದ ಅತ್ತೆ ಮಾತಾಡಿದಳು.

“ಸಿನಿಮಾ ಚೆನ್ನಾಗಿತ್ತು ಕಣೇ. ನನಗೂ ಕಣ್ಣಲ್ಲಿ ನೀರು ಬಂತು.”

“ತಪ್ಪಾಯ್ತು ಅತ್ತೆ. ನೀವು ಕರೀತೀರ ಅಂತ ಒಂದು ವರ್ಷ ಕಾದೆ.”

“ನೀನು ಬರ್ತೀಯ ಅಂತ ನಾನೂ ಕಾದೆ. ಇವತ್ತು ಚಾಪೆ ತಂದ ಹಾಗೆ ಆವತ್ತು ತರಬಾರದಿತ್ತಾ? ಮುದುಕಿ ನಾನೇ ಕತ್ತರಿ ಹಿಡ್ಕೊಂಡು ಮನೆಮನೆ ತಿರುಗಬೇಕಿತ್ತಾ?”

ಅದು ನಟನೆ, ಸಿನಿಮಾಕ್ಕೆ ಮಾಡಿದ್ದು ಎಂದು ಲೆಸಿಯೆಲಿ ತೊದಲಿದಳು. ಊರೆಲ್ಲ ಹಾಗೇ ತಿಳಿದಿದೆ ಎಂದಳು.

“ಸುಳ್ಳು ಹೇಳ್ಬೇಡ. ನಟನೆ ಆಗಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ನೀನು ನನ್ನ ತಮ್ಮನಿಗೇ ಅತ್ತಿದ್ದು. ನಿಜವಾದ ಅಳು ಅದು. ಅದನ್ನ ತಗೊಂಡು ಹೋಗಿ ಯಾವಳದೋ ಕೈಗೆ ಕೊಟ್ಟೆಯಲ್ಲ.”

ಐದು ನಕ್ಷತ್ರದವನಿಗೂ ಕೆಂಡ ಕಾರಿದವಳಿಗೂ ಕಾಣದ್ದು ಓದು ಬಾರದ ಮುದುಕಿಗೆ ಕಂಡಿತ್ತು. ಲೆಸಿಯೆಲಿ ಜಡೆಯನ್ನು ಮುಂದೆ ಎಳೆದುಕೊಂಡು, ಮತ್ತೆ ಭುಜದ ಕೆಳಗೆ ಬಂದಿದೆ, ಈಗಲಾದರೂ ನೀವೇ ಕತ್ತರಿಸಿ ಎಂದು ಬೇಡಿಕೊಂಡಳು. ಅತ್ತೆ ಚಾಪೆಯನ್ನು ತೆಗೆದುಕೊಂಡಳು. ತಂದದ್ದನ್ನು ಹಿಂದೆ ಕಳಿಸಿದರೆ ಬಂದವಳಿಗೆ ಅವಮಾನ, ಅಷ್ಟು ಒರಟು ಮನುಷ್ಯಳಲ್ಲ ಅವಳು.

“ಒಬ್ಬ ಅಪ್ಪನಿಗೆ ಎರಡು ಸಲ ಸೂತಕ ಕಳೆಯೋದಿಲ್ಲ ಲೆಸೀ. ಅದು ಮುಗೀತು. ನಾನು ಸತ್ತಾಗ ನೀನು ಕೂದಲು ಬಿಚ್ಚಬೇಡ. ಈಗ ಮನೆಗೆ ಹೋಗು.”

ಸೇವಂತಿಗೆಯಷ್ಟು ಹಗುರಾಗಿ ಆ ಮಾತು ಆಡಿದಳು. ಕೇಳಿದವಳು ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡು ಮನೆ ಸೇರಿದಳು.

ಐದು ತಿಂಗಳಿಗೆ ಅಕೆಸಾ ತೀರಿಕೊಂಡಳು. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ಬೆಳಿಗ್ಗೆ ಏಳಲಿಲ್ಲ ಅಷ್ಟೆ. ತಮ್ಮಂದಿರ ಹೆಣ್ಣುಮಕ್ಕಳು ಏಳು ಜನ ಹಿತ್ತಲಿನ ನೆಲದೊಲೆಯ ಸುತ್ತ ಕೂದಲು ಬಿಚ್ಚಿಕೊಂಡು ಗೆಣಸು ಸುಲಿದರು. ಎಂಟನೆಯವಳು ಲೆಸಿಯೆಲಿ. ಎಲ್ಲರಿಗಿಂತ ಹರಕು ಚಾಪೆ ಅವಳದು, ಎಲ್ಲರಿಗಿಂತ ಹೆಚ್ಚು ಹೊಗೆ ಕುಡಿದವಳೂ ಅವಳೇ. ಆದರೆ ಜಡೆ ಗಂಟು ಹಾಕಿ ಬಿಗಿದಿತ್ತು. ಬಂದವರೆಲ್ಲ ಅದನ್ನೇ ನೋಡಿದರು. ಕ್ಯಾಮೆರಾ ಬಂದರೆ ಬಿಚ್ಚುತ್ತಾಳೆ ಎಂದು ಒಬ್ಬಳು, ಕಣ್ಣೀರಿಗೆ ಈಗ ಟಿಕೆಟ್ಟು ಇಟ್ಟಿದ್ದಾಳೆ ಎಂದು ಇನ್ನೊಬ್ಬಳು. ದುಃಖ ತಡೆಯಲಾರದೆ ಲೆಸಿಯೆಲಿ ಒಮ್ಮೆ ಬಾಯಿಗೆ ಬಟ್ಟೆ ಒತ್ತಿಕೊಂಡಾಗ, ಪಕ್ಕದೂರಿನ ಹುಡುಗಿಯೊಬ್ಬಳು ಫೋನು ಎತ್ತಿ ಹಿಡಿದಳು. ಲೆಸಿಯೆಲಿ ಅಳುವನ್ನು ಅಲ್ಲೇ ನುಂಗಿ ಸೌದೆ ತರಲು ಎದ್ದಳು.

ಅತ್ತೆಯ ಅಪ್ಪಣೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ, ಮುದುಕಿ ತಮ್ಮನ ಮಗಳನ್ನು ದೂರ ಮಾಡಿ ಸತ್ತಳು ಎಂದು ಊರು ಅತ್ತೆಯನ್ನು ಗುಂಡಿಯಲ್ಲೂ ನೆಮ್ಮದಿಯಾಗಿ ಬಿಡುತ್ತಿರಲಿಲ್ಲ. ಅತ್ತೆಯ ಮಾತು ನಡೆಸುವುದು, ಅತ್ತೆಯ ಹೆಸರು ಉಳಿಸುವುದು, ಇಷ್ಟೇ ಅವಳಿಗೆ ಉಳಿದಿದ್ದ ದಾರಿ.

ಹತ್ತನೆಯ ದಿನ ಎಂಟು ಜನ ಸಾಲಾಗಿ ಕೂತರು. ಅಕೆಸಾಳ ಮಗಳು ಪಿಸಿಲಾ ಕತ್ತರಿ ಹಿಡಿದು ಬಂದಳು. ಈಗ ಆ ಹಕ್ಕು ಅವಳದು. ಒಬ್ಬೊಬ್ಬರ ಕೂದಲೂ ಬೀಳುತ್ತ ಬಂದಂತೆ ಒಬ್ಬೊಬ್ಬರೂ ಹಗುರಾಗಿ ಅಳುತ್ತ ಎದ್ದು ಹೋದರು. ಕೊನೆಗೆ ಪಿಸಿಲಾ ಲೆಸಿಯೆಲಿಯ ಹಿಂದೆ ನಿಂತಳು. ಅವಳಿಗೂ ಏನೂ ಗೊತ್ತಿರಲಿಲ್ಲ. ಅಂಗಳದ ಮಂದಿಯೆಲ್ಲ ಮಾತು ನಿಲ್ಲಿಸಿ ಇತ್ತ ತಿರುಗಿದರು.

“ಬಿಚ್ಚೇ ಲೆಸೀ,” ಪಿಸಿಲಾ ಮೆಲ್ಲಗೆ ಅಂದಳು. “ಜನ ಏನಾದ್ರೂ ಅನ್ಕೊಳ್ಳಲಿ. ಅಮ್ಮನಿಗೆ ನೀನಂದ್ರೆ ಪ್ರಾಣ. ಮೂರು ವರ್ಷ ಈ ಕತ್ತರಿ ತಲೆದಿಂಬಿನ ಕೆಳಗೆ ಇಟ್ಕೊಂಡಿದ್ದಳು, ನೀನು ಬರ್ತೀಯ ಅಂತ.”

ಲೆಸಿಯೆಲಿಯ ಕೈ ತಾನಾಗಿ ಜಡೆಯ ಗಂಟಿನವರೆಗೆ ಹೋಯಿತು. ಅಲ್ಲೇ ನಿಂತಿತು.

“ಬೇಡ ಪಿಸಿಲಾ,” ಅಂದಳು. “ನನಗೆ ಬೇಡ.”

ಅಂಗಳದಲ್ಲಿ ಯಾರೋ ಹಲ್ಲು ಕಡಿದ ಸದ್ದಾಯಿತು. ಪಿಸಿಲಾ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಹೋದಳು.